ಹದಿನಾಲ್ಕನೇ ನಂಬರು

ಕಾರನ್ನು ಪೂರ್ತಿ ಖಾಲಿ ಮಾಡಿ ಅಂದರು. ಮಾಡಿದೆ.
ಹುಲ್ಲಿನ ಮೇಲೆ ಸಾಲಾಗಿ ಬಿತ್ತು ನನ್ನ ಸಂಸಾರ:
ಹಿಮ ಕೆರೆಯುವ ಪ್ಲಾಸ್ಟಿಕ್ಕು, ಜ್ಯಾಕು, ಸ್ಟೆಪ್ನಿ,
ನಾಯಿಯ ಕಂಬಳಿ (ನಾಯಿ ಹೋಗಿ ಎರಡು ವರ್ಷ),
ಯಾವುದೋ ಮಗುವಿನ ಒಂಟಿ ಕೈಗವಸು.
ಕಾಲಡಿಯ ಚಾಪೆಯನ್ನೂ ಬಿಡಲಿಲ್ಲ ತಪಾಸಣೆಯ ಹುಡುಗಿ:
ಜಾರಿ ಬ್ರೇಕಿನಡಿ ಸಿಕ್ಕಿಕೊಂಡರೆ?
ಬ್ಯಾಟರಿ ಅಲುಗಿಸಿದಳು, ಚಕ್ರದ ನಟ್ಟು ಒಂದೊಂದೂ ಬಿಗಿದಳು,
ಎರವಲು ಹೆಲ್ಮೆಟ್ಟು ಕೊಟ್ಟಳು, ಒಳಗೆ ಇನ್ಯಾರದೋ ಶಾಂಪೂ ವಾಸನೆ.
ಬಾಗಿಲಿಗೆ ನೀಲಿ ಟೇಪಿನಲ್ಲಿ ನಂಬರು ನಾನೇ ಅಂಟಿಸಿದೆ.
ಹದಿನಾಲ್ಕು.
ನನ್ನ ಬಸ್ಸಿನದು. ಬೇರೆ ಯಾವ ನಂಬರು ನನಗೆ ಗೊತ್ತು?

ಉತ್ತರ ಡಕೋಟಾದ ಬಯಲಲ್ಲಿ
ವಿಮಾನಗಳು ಮರೆತುಹೋದ ಓಡುದಾರಿ.
ಕಾಂಕ್ರೀಟಿನ ಬಿರುಕಲ್ಲಿ ಹುಲ್ಲು, ಬಿಡುವಿಲ್ಲದ ಅಡ್ಡಗಾಳಿ,
ಬೆಳಿಗ್ಗೆ ಏಳಕ್ಕೆ ಕಾಫಿ ಹಿಡಿದು ನಾವು
ಕೋನ್‌ಗಳ ನಡುವಿನ ದಾರಿಯನ್ನು ನಡೆದು ನೋಡಿದೆವು.
ಮೊದಲ ಸುತ್ತೆಲ್ಲಾ ಹರಟೆ.
ಎರಡನೆಯದರಲ್ಲಿ ಒಬ್ಬ ಮುದುಕ ಕುಕ್ಕರಗಾಲಲ್ಲಿ ಕೂತ,
ಸೀಟಿನ ಎತ್ತರದಿಂದ ಲೋಕ ಹೇಗೆ ಕಾಣುತ್ತದೆಂದು.
ನಾನೂ ಕೂತೆ. ಮಂಡಿ ಚಟಕ್ಕೆಂದಿತು.
ಅಷ್ಟು ತಗ್ಗಿನಿಂದ ದಾರಿಯೇ ಇಲ್ಲ,
ಬರೀ ಕಿತ್ತಳೆ ಬಣ್ಣ.

ಪಕ್ಕದ ಸೀಟಿಗೆ ಗುರುವಾಗಿ ಬಂದವನು ಡೆಲ್ ಪೊಕೊರ್ನಿ.
ಒಂಬತ್ತು ವರ್ಷ ನನ್ನ ಬಸ್ಸಿನ ಕೊನೆಯ ಸೀಟು.
ಒಂಬತ್ತು ವರ್ಷ ಕನ್ನಡಿಯಲ್ಲಿ ನಾನವನಿಗೆ ಹೇಳಿದ್ದು ಒಂದೇ ಮಾತು:
ಕೂತ್ಕೋ, ಡೆಲ್.
ಈಗ ಗಡ್ಡ ಬಂದಿದೆ. ಬೆಲ್ಟು ಬಿಗಿಯುತ್ತಾ ಕೆಮ್ಮಿದ.
"ಮಿಸೆಸ್ ಬ್ರೆಕ್ಕೆ, ತಪ್ಪು ತಿಳೀಬೇಡಿ,
ಇವತ್ತು ಸ್ವಲ್ಪ ಜೋರಾಗಿ ಹೋಗ್ಬೇಕು."

ಇಪ್ಪತ್ತಾರು ವರ್ಷ ಜೋರಾಗಿ ಹೋದವಳಲ್ಲ ನಾನು.
ರೈಲು ಹಳಿ ಬಂದರೆ ನಿಲ್ಲಿಸಿ, ಬಾಗಿಲು ತೆಗೆದು,
ಕಿವಿಗೊಟ್ಟು ಆಮೇಲೆ ದಾಟಿದವಳು.
ಬೆನ್ನ ಹಿಂದೆ ಸದಾ ನಲವತ್ತೆಂಟು ತಾಯಂದಿರ ಉಸಿರು.

ಬಾವುಟ ಬೀಸಿತು.
ಮೊದಲ ಓಟದಲ್ಲಿ ದಾರಿಯನ್ನೇ ಕಳೆದುಕೊಂಡೆ,
ಮೂರನೇ ತಿರುವು ಬಿಟ್ಟು ನೆಟ್ಟಗೆ ಕೆನಡಾದ ಕಡೆ.
ಎರಡನೆಯದರಲ್ಲಿ
ಒಂದು ಕೋನ್ ಬೀಳಬಾರದೆಂದು ಅದನ್ನೇ ನೋಡಿದೆ.
ನೋಡಿದ್ದಕ್ಕೇ ಗುದ್ದಿದೆ.
ಬಿದ್ದದ್ದೊಂದಕ್ಕೆ ಎರಡು ಸೆಕೆಂಡಿನ ದಂಡ. ನಾಲ್ಕು ಬಿದ್ದವು.
ಒಂದಂತೂ ಕಾರಿನಡಿ ಸಿಕ್ಕು
ಕೊನೆಯ ಗೆರೆಯವರೆಗೂ ರಂಪ ಮಾಡುತ್ತಾ ಬಂತು.
"ಕೋನ್ ನೋಡ್ಬೇಡಿ. ಅದರಾಚೆ ನೋಡಿ.
ಕಣ್ಣು ಹೋದಲ್ಲಿ ಕೈ, ಕೈ ಹೋದಲ್ಲಿ ಕಾರು."
ಕನ್ನಡಿ ನೋಡುವುದೇ ಕೆಲಸವಾದವಳಿಗೆ
ಇದನ್ನು ಯಾರೂ ಹೇಳಿರಲಿಲ್ಲ.

ನಡುವೆ ಬಿಟ್ಟಿ ಚಾಕರಿ: ಕಿತ್ತಳೆ ಅಂಗಿ ತೊಟ್ಟು
ಬಿದ್ದ ಕೋನ್‌ಗಳನ್ನು ಓಡಿ ಎತ್ತಬೇಕು,
ಸುಣ್ಣದ ಚೌಕದೊಳಗೆ ಪಾದ ಸರಿಯಾಗಿ ಕೂರಿಸಬೇಕು.
ಹಲ್ಲಿನ ಡಾಕ್ಟರೊಬ್ಬ ಮನೆಯಷ್ಟು ಬೆಲೆಯ ಕಾರಲ್ಲಿ ಬಂದು
ಎಂಟು ಕೆಡವಿದ. ಎಂಟನ್ನೂ ಎತ್ತಿದೆ.
ಮಕ್ಕಳು ಬಿಟ್ಟುಹೋದ ಟೋಪಿ ಎತ್ತಿ ಎತ್ತಿ
ನನ್ನ ಸೊಂಟಕ್ಕೆ ಅಭ್ಯಾಸ.

ಕೊನೆಯ ಓಟಕ್ಕೆ ಡೆಲ್ ಇಳಿದುಬಿಟ್ಟ.
ಒಮ್ಮೆ ಕನ್ನಡಿ ನೋಡಿದೆ, ಅಭ್ಯಾಸಬಲ. ಹಿಂದೆ ಯಾರೂ ಇಲ್ಲ.
ಯಾರೂ ಇಲ್ಲ!
ಕನ್ನಡಿಯನ್ನು ಚಾವಣಿಗೆ ತಿರುಗಿಸಿ
ಕಾಲು ಒತ್ತಿದೆ.
ಟೈರು ಕಿರುಚಿತೋ ನಾನೋ ಗೊತ್ತಿಲ್ಲ.
ಒಂದೊಂದು ತಿರುವಿನಲ್ಲೂ ಮುಂದಿನ ತಿರುವಿನ ಮೇಲೆ ಕಣ್ಣು,
ಪಕ್ಕದ ಕೋನ್‌ಗಳು ತಾವಾಗಿ ಸರಿದು ದಾರಿ ಬಿಟ್ಟವು.
ಅರವತ್ತೆಂಟು ಸೆಕೆಂಡು, ಒಂದೂ ಬೀಳಲಿಲ್ಲ.
ಅಲ್ಲಿದ್ದ ಬಹುಪಾಲು ಜನಕ್ಕಿಂತ ನಿಧಾನ.
ಹೆಲ್ಮೆಟ್ಟು ತೆಗೆಯಲು ಹೋದರೆ ಬೆರಳಿಗೆ ಕೊಂಡಿ ಸಿಗಲಿಲ್ಲ,
ಅಷ್ಟು ನಡುಕ.

ಸೋಮವಾರ. ಹಳಿಯ ಮುಂದೆ ನಿಲ್ಲಿಸಿದೆ, ಬಾಗಿಲು ತೆಗೆದೆ,
ಕಿವಿಗೊಟ್ಟೆ. ಬರೀ ಗಾಳಿ.
ಕೊನೆಯ ಸೀಟಿನಲ್ಲಿ ಯಾವನೋ ಎದ್ದು ನಿಂತು
ಮುಂದಿನ ಗಾಜಿನಾಚೆ ಏನನ್ನೋ ನೋಡುತ್ತಿದ್ದ.
ಕೂತ್ಕೋ ಅನ್ನುವ ಮೊದಲು
ನಾನೂ ಅತ್ತ ನೋಡಿದೆ.